ಗಾಳಿಯ ನಾಡಿನ ಅಂಚೆಯವನು

ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ಗ್ರಂಥಭಂಡಾರದ ಕಪಾಟಿನಲ್ಲಿ ಒಂದು ಸಣ್ಣ ಕಾದಂಬರಿ ಅಕಸ್ಮಾತ್ತಾಗಿ ಕೈಗೆ ಸಿಕ್ಕಿತು. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಿದ್ದ ಅದರ ಹೆಸರನ್ನು ಕನ್ನಡದಲ್ಲಿ 'ರಾತ್ರಿಯ ಹಾರಾಟ' ಎನ್ನಬಹುದು. ಒಂದೇ ರಾತ್ರಿಯಲ್ಲಿ ನಡೆದುಹೋಗುವ ಆ ಕಥೆಯನ್ನು ನಾನೂ ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆನು. ದಕ್ಷಿಣ ಅಮೆರಿಕದ ಒಂದು ವಿಮಾನ ಸಂಸ್ಥೆ. ಮೂರು ದಿಕ್ಕುಗಳಿಂದ ಅಂಚೆ ಹೊತ್ತು ಬರುವ ಮೂರು ವಿಮಾನಗಳು. ಅವುಗಳ ದಾರಿ ಕಾಯುತ್ತ ಕಚೇರಿಯಲ್ಲಿ ಕುಳಿತ ರಿವಿಯೇರ್ ಎಂಬ ನಿಷ್ಠುರ ಅಧಿಕಾರಿ. ದಕ್ಷಿಣದಿಂದ ಬರಬೇಕಾದ ವಿಮಾನ ಬಿರುಗಾಳಿಗೆ ಸಿಕ್ಕಿ ಕಳೆದುಹೋಗುತ್ತದೆ. ರಿವಿಯೇರ್ ಕಂಗೆಡುವುದಿಲ್ಲ. ಬಾರದ ವಿಮಾನಕ್ಕಾಗಿ ಇನ್ನು ಕಾಯದೆ ಯುರೋಪಿನ ಅಂಚೆಯನ್ನು ಕತ್ತಲೆಯೊಳಕ್ಕೆ ಕಳುಹಿಸಿಬಿಡುತ್ತಾನೆ. ಇಪ್ಪತ್ತರ ಪ್ರಾಯದ ನನಗೆ ಅವನು ಮಹಾಪುರುಷನಾಗಿ ಕಂಡನು.

ಮೂವತ್ತು ವರ್ಷ ಪಾಠ ಹೇಳಿ, ಸಂಸಾರದ ಬಿಸಿಲು ನೆರಳುಗಳನ್ನು ಕಂಡಮೇಲೆ ಅದೇ ಪುಸ್ತಕವನ್ನು ಮತ್ತೆ ತೆರೆದೆನು. ಈ ಸಲ ನನ್ನ ಕಣ್ಣು ನಿಂತುದು ಬೇರೊಂದು ಕಡೆ. ಕಳೆದುಹೋದ ವೈಮಾನಿಕನಿಗೆ ಮದುವೆಯಾಗಿ ಆರೇ ವಾರ. ಅವನ ಹೆಂಡತಿ ವಿಮಾನ ಇಳಿಯುವ ಹೊತ್ತನ್ನು ಲೆಕ್ಕಹಾಕುತ್ತ, ಟೆಲಿಫೋನಿನಲ್ಲಿ ವಿಚಾರಿಸುತ್ತ, ಕಡೆಗೆ ತಾಳಲಾರದೆ ಕಚೇರಿಗೇ ಬರುತ್ತಾಳೆ. ಅವಳು ಬಂದು ಹೋಗುವುದು ಕೆಲವೇ ಪುಟಗಳಲ್ಲಿ. ಮೊದಲ ಓದಿನಲ್ಲಿ ನಾನು ಅವಳನ್ನು ಗಮನಿಸಿಯೇ ಇರಲಿಲ್ಲ! ಪುಸ್ತಕ ಅದೇ, ಅಕ್ಷರಗಳೂ ಅವೇ, ಬದಲಾದವನು ನಾನು. ಯಾರದೋ ಕಾಗದದ ಕಟ್ಟಿಗಾಗಿ ಒಂದು ಜೀವವನ್ನು ಕತ್ತಲೆಗೆ ಒಡ್ಡುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆ ನನ್ನನ್ನು ಕಾಡತೊಡಗಿತು. ಈ ಪ್ರಶ್ನೆ ಗ್ರಂಥಕರ್ತನನ್ನೂ ಕಾಡಿತ್ತೇ ಎಂದು ತಿಳಿಯಲು ಅವನ ಜೀವನವನ್ನು ಅರಸಿಕೊಂಡು ಹೋದೆನು.

ಆಂತ್ವಾನ್ ದ ಸೇಂತ್ ಎಕ್ಸುಪರಿ ಎಂದೊಡನೆ ಲೋಕಕ್ಕೆ ನೆನಪಾಗುವುದು 'ಪುಟ್ಟ ರಾಜಕುಮಾರ'. ಆದರೆ ನಾನು ಮುಖ್ಯವಾಗಿ ಹೇಳಹೊರಟಿರುವುದು ಅವನ ಬಾಳಿನ ಹದಿನೈದು ತಿಂಗಳ ಮಾತನ್ನು. ಆ ಅವಧಿಯಲ್ಲಿ ಅವನು ಏರೋಪೋಸ್ತಾ ಅರ್ಜೆಂಟೀನಾ ಎಂಬ ವಿಮಾನ ಸಂಸ್ಥೆಯ ಅಧಿಕಾರಿಯಾಗಿದ್ದನು. ಆ ಸಂಸ್ಥೆ ಇಂದು ಇಲ್ಲ. ಅದರ ಹೆಸರು ಹೊತ್ತ ವಿಮಾನ ಆಕಾಶದಲ್ಲಿ ಹಾರಿ ಎಪ್ಪತ್ತು ವರ್ಷಗಳೇ ಕಳೆದುವು.

ಅವನು ಹುಟ್ಟಿದುದು ೧೯೦೦ನೆಯ ಇಸವಿ ಜೂನ್ ೨೯ರಂದು, ಫ್ರಾನ್ಸಿನ ಲಿಯೋನ್ ನಗರದಲ್ಲಿ. ವಂಶ ದೊಡ್ಡದು, ಐಶ್ವರ್ಯ ಕರಗುತ್ತಿದ್ದುದು. ನಾಲ್ಕು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಐದು ಮಕ್ಕಳನ್ನು ಬಂಧುಗಳ ಹಳ್ಳಿಮನೆಯ ಆಶ್ರಯದಲ್ಲಿ ಬೆಳೆಸಿದಳು. ಆ ಮನೆಯ ಹತ್ತಿರವೇ ಒಂದು ವಿಮಾನ ನಿಲ್ದಾಣವಿತ್ತು; ಹನ್ನೆರಡರ ಬಾಲಕ ಅಲ್ಲಿಗೆ ಹೋಗಿ ೧೯೧೨ರಲ್ಲಿ ಮೊದಲ ಸಲ ಆಕಾಶಕ್ಕೇರಿ ಬಂದನು. ೧೯೧೭ರಲ್ಲಿ ಒಬ್ಬನೇ ತಮ್ಮ ಕಾಯಿಲೆಯಿಂದ ಸತ್ತನು. ನೌಕಾಶಾಲೆಯ ಪರೀಕ್ಷೆಯಲ್ಲಿ ಅಣ್ಣ ತೇರ್ಗಡೆಯಾಗಲಿಲ್ಲ. ಸೈನ್ಯದಲ್ಲಿ ವಿಮಾನ ನಡೆಸುವುದನ್ನು ಕಲಿತನು. ೧೯೨೩ರಲ್ಲಿ ವಿಮಾನ ಬಿದ್ದು ತಲೆಗೆ ಪೆಟ್ಟಾಯಿತು. ಮದುವೆಯ ನಿಶ್ಚಿತಾರ್ಥವೊಂದು ಮುರಿದುಬಿತ್ತು. ಹೆಂಚಿನ ಕಂಪನಿಯಲ್ಲಿ ಲೆಕ್ಕ ಬರೆದನು. ಊರೂರು ತಿರುಗಿ ಲಾರಿ ಮಾರಲು ನೋಡಿದನು. ಇಪ್ಪತ್ತಾರನೆಯ ವಯಸ್ಸಿನವರೆಗೆ ಕೈಹಾಕಿದ ಕೆಲಸವೆಲ್ಲ ಹಿಡಿಯದೆ ಹೋಯಿತು ಎಂದರೆ ತಪ್ಪಾಗಲಾರದು.

೧೯೨೬ರಲ್ಲಿ ತುಲೂಸಿನ ಲಾತೆಕೊಯೇರ್ ಕಂಪನಿಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಹುಟ್ಟಿದ ಈ ಕಂಪನಿ ಫ್ರಾನ್ಸಿನಿಂದ ಸ್ಪೇನನ್ನು ದಾಟಿ ಮೊರಾಕ್ಕೊ, ಅಲ್ಲಿಂದ ಮರುಭೂಮಿಯ ಅಂಚಿನಲ್ಲಿ ಡಕಾರದವರೆಗೆ ಅಂಚೆ ಸಾಗಿಸುತ್ತಿತ್ತು. ಅದರ ಹಾರಾಟವನ್ನೆಲ್ಲ ನಡೆಸುತ್ತಿದ್ದವನು ದಿದಿಯೇ ದೋರಾ. ಹೊಸಬರು ಯಾವ ಮನೆತನದವರೇ ಆಗಿರಲಿ, ಮೊದಲು ಕಾರ್ಖಾನೆಯಲ್ಲಿ ಎಂಜಿನು ಬಿಚ್ಚಿ ತೊಳೆಯಬೇಕು. ಎಣ್ಣೆಯಲ್ಲಿ ಕೈ ಮುಳುಗಿಸಿದ ಮೇಲೆಯೇ ವಿಮಾನದ ಮಾತು. ಅಂಚೆ ತಡವಾಗಲು ಯಾವ ನೆಪವೂ ಸಲ್ಲದು. ಎಕ್ಸುಪರಿ ಈ ಗುರುಕುಲದಲ್ಲಿ ಮನುಷ್ಯನಾದನು. ಝಾನ್ ಮೆರ್ಮೋಜ್, ಆನ್ರಿ ಗಿಯೋಮೇ ಎಂಬ ಇಬ್ಬರು ಆಪ್ತ ಗೆಳೆಯರು ದೊರೆತುದೂ ಅಲ್ಲಿಯೇ.

೧೯೨೭ರ ಕೊನೆಯಿಂದ ಸುಮಾರು ಒಂದೂವರೆ ವರ್ಷ ಅವನು ಸಹಾರದ ಅಂಚಿನ ಕೇಪ್ ಜೂಬಿ ಎಂಬ ನಿಲ್ದಾಣದ ಮುಖ್ಯಸ್ಥನಾಗಿದ್ದನು. ಒಂದು ಕಡೆ ಕಡಲು, ಒಂದು ಕಡೆ ಮರಳು, ನಡುವೆ ಸ್ಪೇನಿನವರ ಒಂದು ಕೋಟೆ ಮತ್ತು ಅವನ ಹಲಗೆಯ ಗುಡಿಸಲು. ಎಂಜಿನು ಕೆಟ್ಟು ಮರುಭೂಮಿಯಲ್ಲಿ ಇಳಿದ ವೈಮಾನಿಕರನ್ನು ಅಲ್ಲಿನ ಬುಡಕಟ್ಟಿನವರು ಸೆರೆಹಿಡಿಯುತ್ತಿದ್ದರು. ಅವರೊಡನೆ ಚಹ ಕುಡಿದು, ಅವರ ಮಾತು ಕಲಿತು, ಸೆರೆಯಾಳುಗಳನ್ನು ಬಿಡಿಸಿ ತರುವುದು ಅವನ ಕೆಲಸವಾಗಿತ್ತು. ಮೊದಲ ಕಾದಂಬರಿ 'ದಕ್ಷಿಣದ ಅಂಚೆ' ಅಲ್ಲಿ ರೂಪುಗೊಂಡು ೧೯೨೯ರಲ್ಲಿ ಅಚ್ಚಾಯಿತು. ಅದೇ ವರ್ಷ ಅಕ್ಟೋಬರ್ ೧೨ರಂದು ಅವನು ಬ್ಯೂನಸ್ ಐರಿಸ್‌ನಲ್ಲಿ ಹಡಗಿನಿಂದಿಳಿದನು.

ಇಲ್ಲಿ ಸಂಸ್ಥೆಯ ಕಥೆಯನ್ನು ಸ್ವಲ್ಪ ಹೇಳಬೇಕು. ೧೯೨೭ರಲ್ಲಿ ಮಾರ್ಸೆಲ್ ಬುಯೂ ಲಾಫೋನ್ ಎಂಬ ಧನಿಕನು ಲಾತೆಕೊಯೇರನ ವಿಮಾನ ಮಾರ್ಗಗಳನ್ನು ಕೊಂಡು ಏರೋಪೋಸ್ತಾಲ್ ಎಂಬ ಹೆಸರಿಟ್ಟನು. ದಕ್ಷಿಣ ಅಮೆರಿಕದಲ್ಲಿ ಬಂದರು, ರೈಲುಗಳನ್ನು ಕಟ್ಟಿಸಿ ಬೆಳೆದವನು ಅವನು. ಅದೇ ವರ್ಷ ಅರ್ಜೆಂಟೀನಾದಲ್ಲಿ ಅದರ ಶಾಖೆಯಾಗಿ ಏರೋಪೋಸ್ತಾ ಅರ್ಜೆಂಟೀನಾ ಹುಟ್ಟಿತು. ವಿಮಾನದ ಅಂಚೆಗೆ ಆಗ ಒಂದು ದೊಡ್ಡ ತೊಡಕಿತ್ತು. ಹಗಲಿನಲ್ಲಿ ವಿಮಾನವು ರೈಲನ್ನೂ ಹಡಗನ್ನೂ ಹಿಂದೆ ಹಾಕುತ್ತಿತ್ತು, ನಿಜ. ಆದರೆ ಕತ್ತಲಾದೊಡನೆ ಅದು ನೆಲಕ್ಕಿಳಿಯಬೇಕು. ರೈಲು, ಹಡಗುಗಳು ರಾತ್ರಿಯೆಲ್ಲ ನಡೆಯುತ್ತಲೇ ಇರುತ್ತವೆ. ಹಗಲು ಗಳಿಸಿದುದು ರಾತ್ರಿ ಕಳೆದುಹೋಗುತ್ತಿತ್ತು. ಆದಕಾರಣ ರಾತ್ರಿಯೂ ಹಾರದೆ ಗತಿಯಿರಲಿಲ್ಲ. ೧೯೨೮ರಲ್ಲಿ ಮೆರ್ಮೋಜ್ ಬ್ರೆಜಿಲಿನ ಕರಾವಳಿಯ ಮೇಲೆ ಅದನ್ನು ಮಾಡಿ ತೋರಿಸಿದನು. ದಾರಿ ತೋರಲು ನೆಲದ ಮೇಲೆ ಉರಿಯುವ ಬೆಂಕಿ, ಆಕಾಶದಲ್ಲಿ ಚಂದ್ರ. ಎರಡೂ ಇಲ್ಲದಿದ್ದರೆ ಅದೃಷ್ಟ.

ಎಕ್ಸುಪರಿಗೆ ವಹಿಸಿದ ಭಾಗ ಪೆಟಗೋನಿಯ. ಅರ್ಜೆಂಟೀನಾದ ದಕ್ಷಿಣಕ್ಕೆ ಭೂಮಿ ಮುಗಿಯುವವರೆಗೆ ಹರಡಿದ ಬಯಲು ಅದು. ಕುರಿಗಳು ಸಾವಿರ, ಮನುಷ್ಯರು ವಿರಳ. ವೇಲ್ಸ್ ದೇಶದಿಂದ ೧೮೬೫ರಲ್ಲಿ ವಲಸೆ ಬಂದವರು ತ್ರೆಲೇವ್ ಸುತ್ತಿನ ಕಣಿವೆಯಲ್ಲಿ ಗೋದಿ ಬೆಳೆದಿದ್ದರು. ಕೊಮೊದೊರೊ ರಿವಾದಾವಿಯ ಎಂಬ ಕಡಲತೀರದ ಊರಿನಲ್ಲಿ ೧೯೦೭ರಲ್ಲಿ ಕಲ್ಲೆಣ್ಣೆ ಸಿಕ್ಕಿ ಕೂಲಿಗಳು ಬಂದು ತುಂಬಿದ್ದರು. ರಾಜಧಾನಿಯ ಕಡೆಯಿಂದ ರೈಲು ಬಾಹಿಯಾ ಬ್ಲಾಂಕಾದವರೆಗೆ ಬರುತ್ತಿತ್ತು. ಅಲ್ಲಿಂದ ದಕ್ಷಿಣಕ್ಕೆ ಕಾಗದ ಹೋಗಬೇಕಾದರೆ ಕರಾವಳಿಯ ಹಡಗನ್ನೇ ನಂಬಬೇಕು. ಮಗುವಿಗೆ ಜ್ವರವೆಂದು ಬರೆದ ಕಾಗದ ಮುಟ್ಟುವ ಹೊತ್ತಿಗೆ ಮಗು ಎದ್ದು ಆಡುತ್ತಿರಬಹುದು, ಅಥವಾ ಮಣ್ಣು ಸೇರಿರಬಹುದು.

೧೯೨೯ರ ನವೆಂಬರ್ ೧ರಂದು ಬಾಹಿಯಾ ಬ್ಲಾಂಕಾದಿಂದ ಸಾನ್ ಆಂತೋನಿಯೊ ಓಯೆಸ್ತೆ ಮತ್ತು ತ್ರೆಲೇವ್‌ಗಳ ಮೂಲಕ ಕೊಮೊದೊರೊ ರಿವಾದಾವಿಯದವರೆಗೆ ವಿಮಾನದ ಅಂಚೆ ಪ್ರಾರಂಭವಾಯಿತು. ಮುಂದೆ ಅದು ಇನ್ನೂ ದಕ್ಷಿಣದ ರಿಯೊ ಗಯೇಗೋಸ್‌ವರೆಗೆ ಚಾಚಿತು. ನಿಲ್ದಾಣಗಳಿಗೆ ನೆಲ ಹುಡುಕುವುದು, ಪೆಟ್ರೋಲು ಸೇರಿಸುವುದು, ವೈಮಾನಿಕರನ್ನು ನೇಮಿಸುವುದು, ತಪ್ಪಿದವರನ್ನು ದಂಡಿಸುವುದು, ಎಲ್ಲವೂ ಎಕ್ಸುಪರಿಯ ಹೆಗಲ ಮೇಲಿತ್ತು. ರುಫಿನೊ ಲೂರೊ ಕಂಬಸೇರೆಸ್ ಮೊದಲಾದ ಅರ್ಜೆಂಟೀನಾದ ವೈಮಾನಿಕರು ಅವನ ಜೊತೆ ದುಡಿದರು. ಲೆಕ್ಕದ ಪುಸ್ತಕವನ್ನು ಕಂಡರೆ ಆಗದಿದ್ದ ಅವನು ಈಗ ಮೇಜಿನ ಹಿಂದೆ ಕೂಡಬೇಕಾಯಿತು. ಸಂಬಳ ಹಿಂದೆಂದೂ ಕಾಣದಷ್ಟು ಬರುತ್ತಿತ್ತು. ನೀರಿನಂತೆ ಹರಿದುಹೋಗುತ್ತಲೂ ಇತ್ತು. ಫ್ಲೋರಿದಾ ಬೀದಿಯ ದೊಡ್ಡ ಕಟ್ಟಡವೊಂದರಲ್ಲಿ ಬಿಡಾರ. ಆ ಮಹಾನಗರ ಅವನಿಗೆ ಎಂದೂ ಹಿಡಿಸಲಿಲ್ಲ. ಸಮಯ ಸಿಕ್ಕಿದೊಡನೆ ತಾನೇ ವಿಮಾನವೇರಿ ದಕ್ಷಿಣಕ್ಕೆ ಹೊರಟುಬಿಡುವನು.

ಪೆಟಗೋನಿಯದ ಗಾಳಿಯನ್ನು ಕುರಿತು ಒಂದು ಮಾತು ಹೇಳದಿದ್ದರೆ ಈ ಕೆಲಸದ ಸ್ವರೂಪ ತಿಳಿಯದು. ಆ ಕಾಲದ ಲಾತೆಕೊಯೇರ್ ವಿಮಾನಕ್ಕೆ ಒಂದೇ ಎಂಜಿನು. ವೇಗ ಗಂಟೆಗೆ ೧೫೦ ಕಿಲೋಮೀಟರಿನ ಸುಮಾರು. ಆಂಡೀಸ್ ಪರ್ವತದಿಂದ ಕಡಲ ಕಡೆಗೆ ನುಗ್ಗುವ ಗಾಳಿ ಗಂಟೆಗೆ ೧೦೦ ಕಿಲೋಮೀಟರನ್ನು ಮೀರುವುದುಂಟು. ಅದಕ್ಕೆ ಎದುರಾಗಿ ಹಾರುವ ವಿಮಾನ ಎತ್ತಿನ ಗಾಡಿಯಂತೆ ತೆವಳುವುದು. ಒಮ್ಮೆ ಕೊಮೊದೊರೊ ಬಳಿ ಎಕ್ಸುಪರಿ ಇಂಥ ಬಿರುಗಾಳಿಗೆ ಸಿಕ್ಕಿ ಕಡಲಿನ ಮೇಲಕ್ಕೆ ತಳ್ಳಲ್ಪಟ್ಟನು. ಕಣ್ಣೆದುರಿಗೇ ಇದ್ದ ದಡವನ್ನು ಮುಟ್ಟಲು ಬಹಳ ಹೊತ್ತು ಹೆಣಗಬೇಕಾಯಿತು. ಇಳಿದಮೇಲೂ ವಿಮಾನ ನೆಲದ ಮೇಲೆ ನಿಲ್ಲದು; ಸೈನಿಕರ ಗುಂಪು ಬಂದು ಅದನ್ನು ಹಿಡಿದು ನಿಲ್ಲಿಸಬೇಕು. ಈ ಅನುಭವವನ್ನು ಅವನು ಹತ್ತು ವರ್ಷ ಕಳೆದಮೇಲೆ ಬರೆದನು. ಅದರಲ್ಲಿ ಭಯದ ವರ್ಣನೆ ಹೆಚ್ಚಿಲ್ಲ. ಕೈ ನೋವು, ಚುಕ್ಕಾಣಿಯ ಹಿಡಿತ, ಮುಂದಿನ ಗಳಿಗೆ ಮಾಡಬೇಕಾದ ಕೆಲಸ, ಇಷ್ಟೇ. ಭಯಪಡಲು ಪುರುಸೊತ್ತು ಇರಲಿಲ್ಲವೆಂದು ತೋರುತ್ತದೆ.

ನಮ್ಮ ಹಳೆಯ ಮೈಸೂರಿನಲ್ಲಿ ಅಂಚೆಯವನು ಗೆಜ್ಜೆ ಕಟ್ಟಿದ ಕೋಲು ಹಿಡಿದು ಕಾಡುದಾರಿಯಲ್ಲಿ ಓಡುತ್ತಿದ್ದನೆಂದು ಹಿರಿಯರು ಹೇಳುತ್ತಿದ್ದರು. ಹುಲಿಯ ಭಯವಿದ್ದರೂ ಹೊಳೆ ತುಂಬಿದ್ದರೂ ಅವನು ಮುಂದಿನ ಊರಿಗೆ ಹೋಗಲೇಬೇಕು. ಚೀಲದಲ್ಲಿ ಯಾರ ಕಾಗದವಿದೆಯೋ, ಏನು ಬರೆದಿದೆಯೋ, ಅವನಿಗೆ ತಿಳಿಯದು. ಪೆಟಗೋನಿಯದ ವೈಮಾನಿಕನನ್ನು ನೆನೆದಾಗಲೆಲ್ಲ ನನಗೆ ಈ ಗೆಜ್ಜೆಯ ಸದ್ದು ಕೇಳಿಸುತ್ತದೆ. ಓಡುವವನ ಕಷ್ಟ ಒಂದು ಬಗೆ. ಓಡೆಂದು ಹೇಳುವವನ ಕಷ್ಟ ಇನ್ನೊಂದು ಬಗೆ. ಎಕ್ಸುಪರಿ ಅಲ್ಲಿಯವರೆಗೆ ಓಡುವವನಾಗಿದ್ದನು. ಬ್ಯೂನಸ್ ಐರಿಸ್‌ನಲ್ಲಿ ಅವನು ಓಡೆಂದು ಹೇಳುವವನಾದನು.

೧೯೩೦ನೆಯ ಇಸವಿ ಅವನ ಪಾಲಿಗೆ ಪರೀಕ್ಷೆಯ ವರ್ಷವಾಯಿತು. ಮೇ ೧೦ರ ರಾತ್ರಿ ಪ್ಲಾಟಾ ನದಿಯ ವಿಶಾಲವಾದ ಮುಖದ ಮೇಲೆ ಮಂಜು ಕವಿದಿತ್ತು. ಏರೋಪೋಸ್ತಾಲಿನ ದಕ್ಷಿಣ ಅಮೆರಿಕದ ವ್ಯವಹಾರಗಳನ್ನು ನಡೆಸುತ್ತಿದ್ದ ಜೂಲಿಯೆನ್ ಪ್ರಾನ್ವಿಲ್ ಉತ್ತರಕ್ಕೆ ಹೊರಟಿದ್ದನು. ವಿಮಾನ ನೀರಿಗಪ್ಪಳಿಸಿತು. ಪ್ರಾನ್ವಿಲ್, ವೈಮಾನಿಕ ನೆಗ್ರಿನ್, ರೇಡಿಯೊ ನಡೆಸುವವನು, ಮೂವರೂ ಸತ್ತರು. ಎರಡು ದಿನಗಳು ಕಳೆಯುವುದರೊಳಗೆ ಮೆರ್ಮೋಜ್ ಆಫ್ರಿಕದ ದಡ ಬಿಟ್ಟು, ಮೇ ೧೩ರಂದು ಅಟ್ಲಾಂಟಿಕ್ ಸಾಗರವನ್ನು ದಾಟಿ ಬ್ರೆಜಿಲಿನ ನಾತಾಲ್ ಸೇರಿದನು. ದಕ್ಷಿಣದ ಸಾಗರದ ಮೇಲೆ ವಿಮಾನದಲ್ಲಿ ಅಂಚೆ ಬಂದುದು ಅದೇ ಮೊದಲು. ಅವನನ್ನು ಎದುರುಗೊಳ್ಳಲು ಹೊರಟವರೇ ಆ ಮೂವರು. ಒಂದೇ ವಾರದಲ್ಲಿ ಸೂತಕ, ಒಂದೇ ವಾರದಲ್ಲಿ ಉತ್ಸವ!

ಜೂನ್ ೧೩ರಂದು ಗಿಯೋಮೇ ಚಿಲಿಯಿಂದ ಅಂಚೆ ಹೊತ್ತು ಹೊರಟನು. ಆಂಡೀಸನ್ನು ತೊಂಬತ್ತಕ್ಕೂ ಹೆಚ್ಚು ಸಲ ದಾಟಿದ್ದವನು. ಹಿಮದ ಬಿರುಗಾಳಿ ಅವನನ್ನು ಬೆಟ್ಟಗಳ ನಡುವಿನ ದಿಯಮಾಂತೆ ಸರೋವರದ ಬಳಿಗೆ ಇಳಿಸಿತು. ದಕ್ಷಿಣಾರ್ಧಗೋಳದಲ್ಲಿ ಅದು ನಡುಚಳಿಗಾಲ. ಚಳಿಗಾಲದಲ್ಲಿ ಆಂಡೀಸ್ ಮನುಷ್ಯನನ್ನು ಹಿಂದಕ್ಕೆ ಕೊಡದೆಂದು ಅಲ್ಲಿಯವರು ಹೇಳಿದರು. ಎಕ್ಸುಪರಿ ದಕ್ಷಿಣದ ಕೆಲಸವನ್ನು ಬಿಟ್ಟು ಬಂದು ದಿನದಿನವೂ ಶಿಖರಗಳ ನಡುವೆ ಹಾರಿ ಹುಡುಕಿದನು. ಬೆಟ್ಟಗಳ ಆ ರಾಶಿಯಲ್ಲಿ ಒಬ್ಬ ಮನುಷ್ಯ ಕಾಣುವುದು ಹೇಗೆ? ಆ ಹೊತ್ತಿಗೆ ಗಿಯೋಮೇ ನಡೆಯುತ್ತಿದ್ದನು. ಹಗ್ಗವಿಲ್ಲ, ಆಹಾರವಿಲ್ಲ, ಮಲಗಿದರೆ ಸಾವು. ಐದು ಹಗಲು ನಾಲ್ಕು ರಾತ್ರಿ ಹಿಮದಲ್ಲಿ ನಡೆದು ಕಡೆಗೆ ಜನರ ಕಣ್ಣಿಗೆ ಬಿದ್ದನು. ನಿಂತುಬಿಡಬೇಕೆನಿಸಿದಾಗಲೆಲ್ಲ ತನ್ನ ದಾರಿ ಕಾಯುವ ಹೆಂಡತಿಯನ್ನೂ ಗೆಳೆಯರನ್ನೂ ನೆನೆದು ಹೆಜ್ಜೆ ಮುಂದಿಟ್ಟನೆಂದು ಆಮೇಲೆ ಹೇಳಿದನಂತೆ. ಸುದ್ದಿ ಬಂದೊಡನೆ ಎಕ್ಸುಪರಿ ಹಾರಿಹೋಗಿ, ಗೆಳೆಯನನ್ನು ಕರೆತರುತ್ತಿದ್ದ ವಾಹನವನ್ನು ಕಂಡು ರಸ್ತೆಯ ಬದಿಯಲ್ಲೇ ವಿಮಾನವನ್ನಿಳಿಸಿ ಅವನನ್ನು ತಬ್ಬಿಕೊಂಡನು.

ಈ ಎಲ್ಲ ತಿಂಗಳುಗಳಲ್ಲಿ ಅವನು ರಾತ್ರಿಯ ಹೊತ್ತು ಬರೆಯುತ್ತಿದ್ದನು. ಬರೆದುದು 'ರಾತ್ರಿಯ ಹಾರಾಟ'. ಅದರ ಕಳೆದುಹೋಗುವ ವೈಮಾನಿಕ ಬರುವುದು ಪೆಟಗೋನಿಯದಿಂದ. ಎಂದರೆ ಎಕ್ಸುಪರಿಯ ಸ್ವಂತ ಮಾರ್ಗದಿಂದ. ಪುಸ್ತಕವನ್ನು ಅರ್ಪಿಸಿದುದು ದೋರಾನಿಗೆ. ರಿವಿಯೇರನಲ್ಲಿ ದೋರಾನ ಛಾಯೆಯನ್ನು ಎಲ್ಲರೂ ಗುರುತಿಸಿದರು. ಆದರೆ ಪ್ರಾನ್ವಿಲನ ಮೃತ್ಯುವನ್ನೂ ಗಿಯೋಮೇಗಾಗಿ ಹುಡುಕಾಡಿದ ದಿನಗಳನ್ನೂ ತಿಳಿದಮೇಲೆ, ಆ ಕುರ್ಚಿಯಲ್ಲಿ ಗ್ರಂಥಕರ್ತನೂ ಕುಳಿತು ನೋಡಿದ್ದನೆಂದು ನನಗನ್ನಿಸಿತು. ಅವನು ರಿವಿಯೇರನನ್ನು ಹಳಿಯುವುದಿಲ್ಲ. ಆ ಹೆಣ್ಣನ್ನು ಕಿರಿದು ಮಾಡುವುದೂ ಇಲ್ಲ. ಕರ್ತವ್ಯದ ಸತ್ಯ ಒಂದು, ಮನೆಯ ದೀಪದ ಸತ್ಯ ಇನ್ನೊಂದು. ಎರಡೂ ಎದುರೆದುರು ನಿಂತು ಮಾತಿಲ್ಲದಾಗುತ್ತವೆ. ನನ್ನ ಪ್ರಶ್ನೆ ಅವನದೂ ಆಗಿತ್ತು. ಉತ್ತರ ಮಾತ್ರ ಅವನಲ್ಲಿ ಆಗ ಇರಲಿಲ್ಲ.

ಅದೇ ವರ್ಷ ಬ್ಯೂನಸ್ ಐರಿಸ್‌ನಲ್ಲಿ ಕೊನ್ಸುವೇಲೊ ಎಂಬ ಹೆಣ್ಣು ಅವನಿಗೆ ಪರಿಚಯವಾದಳು. ಮಧ್ಯ ಅಮೆರಿಕದ ಎಲ್ ಸಾಲ್ವಡೋರಿನವಳು, ಸಾಹಿತಿಯೊಬ್ಬನ ವಿಧವೆ. ೧೯೩೧ರ ಮೊದಲಲ್ಲಿ ಎಕ್ಸುಪರಿ ಅರ್ಜೆಂಟೀನಾವನ್ನು ಬಿಟ್ಟನು. ಏಪ್ರಿಲಿನಲ್ಲಿ ಫ್ರಾನ್ಸಿನಲ್ಲಿ ಅವರ ಮದುವೆಯಾಯಿತು. ಕಾದಂಬರಿಯ ಆ ಹೆಂಡತಿಯಂತೆಯೇ ಹೊತ್ತು ಎಣಿಸುತ್ತ ಕೂಡುವ ಪಾಡು ಮುಂದೆ ಅವಳದಾಯಿತು.

ಆ ವೇಳೆಗೆ ಸಂಸ್ಥೆಯ ಬುಡ ಅಲುಗಾಡುತ್ತಿತ್ತು. ಜಗತ್ತಿನ ವ್ಯಾಪಾರ ಕುಸಿದಿತ್ತು. ೧೯೩೦ರ ಸೆಪ್ಟೆಂಬರಿನಲ್ಲಿ ಅರ್ಜೆಂಟೀನಾದ ಸರ್ಕಾರವನ್ನು ಸೈನ್ಯ ಉರುಳಿಸಿತ್ತು. ಫ್ರಾನ್ಸಿನ ಸರ್ಕಾರ ಧನಸಹಾಯಕ್ಕೆ ಕೈಯೆತ್ತಿತು. ೧೯೩೧ರ ಮಾರ್ಚಿನಲ್ಲಿ ಏರೋಪೋಸ್ತಾಲ್ ದಿವಾಳಿಯಾಗಿ ನ್ಯಾಯಾಲಯಕ್ಕೆ ಹೋಯಿತು. ಸಾವಿರಾರು ಮೈಲಿಗಳ ಮಾರ್ಗ, ನೂರಕ್ಕೂ ಮಿಕ್ಕಿದ ಜೀವಗಳ ಬೆಲೆ, ಎಲ್ಲವೂ ಲೆಕ್ಕಪತ್ರದ ಸಾಲುಗಳಾದುವು. ೧೯೩೨ರಲ್ಲಿ ದೋರಾನನ್ನೇ ಹೊರಗೆ ಹಾಕಿದರು. ಎಂದೂ ನೆಪ ಕೇಳದಿದ್ದ ಮನುಷ್ಯನ ಮಾತನ್ನು ಈಗ ಕೇಳುವವರಿರಲಿಲ್ಲ. ೧೯೩೩ರಲ್ಲಿ ಉಳಿದ ಮಾರ್ಗಗಳು ಏರ್ ಫ್ರಾನ್ಸಿನಲ್ಲಿ ಸೇರಿಹೋದುವು.

೧೯೩೧ರ ಡಿಸೆಂಬರಿನಲ್ಲಿ 'ರಾತ್ರಿಯ ಹಾರಾಟ'ಕ್ಕೆ ಫೆಮಿನಾ ಬಹುಮಾನ ಬಂತು. ಆಂದ್ರೆ ಝೀದ್ ಮುನ್ನುಡಿ ಬರೆದಿದ್ದನು. ಕೀರ್ತಿಯ ಜೊತೆಗೆ ಒಂದು ಕಹಿಯೂ ಬಂತು. ತಮ್ಮೆಲ್ಲರ ಬೆವರನ್ನು ಇವನೊಬ್ಬನೇ ಮಾರಿಕೊಂಡನೆಂದು ಭಾವಿಸಿ ಹಳೆಯ ಜೊತೆಗಾರರಲ್ಲಿ ಕೆಲವರು ಅವನಿಂದ ದೂರ ಸರಿದರು. ಬಹುಮಾನಕ್ಕಿಂತ ಈ ನೋವು ಅವನಲ್ಲಿ ಹೆಚ್ಚು ಕಾಲ ಉಳಿಯಿತು.

ಉಳಿದ ಬಾಳನ್ನು ಬೇಗ ಹೇಳಬಹುದು. ೧೯೩೫ರ ಕೊನೆಯಲ್ಲಿ ಲಿಬಿಯದ ಮರಳಿನಲ್ಲಿ ವಿಮಾನ ಬಿದ್ದು, ಬಾಯಾರಿ ಸಾಯುವ ಹೊತ್ತಿಗೆ ಒಬ್ಬ ಬೆದುಯಿನನು ನೀರು ಕೊಟ್ಟು ಬದುಕಿಸಿದನು. ೧೯೩೬ರ ಡಿಸೆಂಬರ್ ೭ರಂದು ಮೆರ್ಮೋಜ್ ಅಟ್ಲಾಂಟಿಕ್ ಮೇಲೆ ಕಾಣೆಯಾದನು. ಗಿಯೋಮೇಗೆ ಅರ್ಪಿಸಿದ 'ಮನುಷ್ಯರ ನೆಲ' ಎಂಬ ಗ್ರಂಥ ೧೯೩೯ರಲ್ಲಿ ಹೊರಬಂದು ಫ್ರೆಂಚ್ ಅಕಾಡೆಮಿಯ ಬಹುಮಾನ ಪಡೆಯಿತು. ೧೯೪೦ರ ನವೆಂಬರಿನಲ್ಲಿ ಗಿಯೋಮೇಯ ವಿಮಾನವನ್ನು ಯುದ್ಧದ ನಡುವೆ ಹೊಡೆದುರುಳಿಸಿದರು. ಗುರುಕುಲದ ಮೂವರಲ್ಲಿ ಉಳಿದವನು ಒಬ್ಬನೇ. ಸೋತ ಫ್ರಾನ್ಸನ್ನು ಬಿಟ್ಟು ನ್ಯೂಯಾರ್ಕಿಗೆ ಹೋದ ಅವನು ಅಲ್ಲಿ 'ಪುಟ್ಟ ರಾಜಕುಮಾರ'ನನ್ನು ಬರೆದನು. ಅದು ೧೯೪೩ರ ಏಪ್ರಿಲಿನಲ್ಲಿ ಪ್ರಕಟವಾಯಿತು.

ಮಕ್ಕಳ ಕಥೆಯೆಂದು ನಾವು ಮಕ್ಕಳ ಕೈಗೆ ಕೊಡುವ ಆ ಪುಸ್ತಕದಲ್ಲಿ ನನಗೆ ಹಳೆಯ ಪ್ರಶ್ನೆಯೇ ಮತ್ತೆ ಎದುರಾಯಿತು. ಪುಟ್ಟ ಗ್ರಹವೊಂದರಲ್ಲಿ ದೀಪ ಹಚ್ಚುವವನಿದ್ದಾನೆ. ಆಜ್ಞೆಯಂತೆ ಹಚ್ಚುತ್ತಾನೆ, ಆರಿಸುತ್ತಾನೆ, ನಿದ್ದೆಗೂ ಬಿಡುವಿಲ್ಲ. ರಾಜಕುಮಾರ ಕಂಡ ದೊಡ್ಡವರಲ್ಲಿ ಹಾಸ್ಯಾಸ್ಪದನಾಗಿ ತೋರದವನು ಅವನೊಬ್ಬನೇ, ಏಕೆಂದರೆ ಅವನ ಗಮನ ತನ್ನ ಮೇಲಿಲ್ಲ. ಅವನಲ್ಲಿ ನಾನು ಪೆಟಗೋನಿಯದ ಅಂಚೆಯವರೆಲ್ಲರನ್ನೂ ಕಂಡೆನು. ಆದರೆ ರಾಜಕುಮಾರ ಅವನ ಬಳಿ ನಿಲ್ಲುವುದಿಲ್ಲ. ಅವನ ಮನಸ್ಸು ತಾನು ಬಿಟ್ಟುಬಂದ ಗುಲಾಬಿಯ ಕಡೆಗೆ ತಿರುಗುತ್ತದೆ. ಆ ಗುಲಾಬಿ ಕೊನ್ಸುವೇಲೊ ಎಂಬುದು ಬಲ್ಲವರ ಸಾಮಾನ್ಯ ಅಭಿಪ್ರಾಯ. ನೀರೆರೆದು ಬೆಳೆಸಿದುದಕ್ಕೆ ನಾವು ಎಂದೆಂದಿಗೂ ಹೊಣೆ ಎಂಬ ಅರಿವನ್ನು ನರಿಯೊಂದು ಅವನಿಗೆ ಕೊಡುತ್ತದೆ. ಹದಿಮೂರು ವರ್ಷ ಹಿಂದೆ ಎದುರೆದುರು ನಿಂತು ಮೂಕವಾಗಿದ್ದ ಎರಡು ಸತ್ಯಗಳಲ್ಲಿ ಎರಡನೆಯದಕ್ಕೆ ಕಡೆಗೆ ಮಾತು ಬಂತೆಂದು ನಾನು ತಿಳಿದಿದ್ದೇನೆ.

ಬರೆದವನು ಮಾತ್ರ ಗುಲಾಬಿಯ ಬಳಿ ಉಳಿಯಲಿಲ್ಲ. ಪುಸ್ತಕ ಹೊರಬಂದ ತಿಂಗಳಲ್ಲೇ ಯುದ್ಧಕ್ಕೆ ಹೊರಟನು. ವಯಸ್ಸು ಮೀರಿತ್ತು, ಹಳೆಯ ಗಾಯಗಳಿಂದ ಮೈ ಬಗ್ಗುತ್ತಿರಲಿಲ್ಲ, ಮೇಲಧಿಕಾರಿಗಳನ್ನು ಕಾಡಿ ಬೇಡಿ ಅನುಮತಿ ಪಡೆದನು. ೧೯೪೪ರ ಜುಲೈ ೩೧ರ ಬೆಳಿಗ್ಗೆ ಕಾರ್ಸಿಕ ದ್ವೀಪದಿಂದ ಒಬ್ಬನೇ ಹೊರಟವನು ಹಿಂದಿರುಗಲಿಲ್ಲ. ೧೯೯೮ರಲ್ಲಿ ಮಾರ್ಸೇಯ್ ಬಳಿಯ ಕಡಲಿನಲ್ಲಿ ಬೆಸ್ತನೊಬ್ಬನ ಬಲೆಗೆ ಒಂದು ಬೆಳ್ಳಿಯ ಕಡಗ ಸಿಕ್ಕಿತು. ಅದರ ಮೇಲೆ ಎಕ್ಸುಪರಿಯ ಹೆಸರಿನ ಜೊತೆಗೆ ಕೊನ್ಸುವೇಲೊಳ ಹೆಸರೂ ಇತ್ತು. ವಿಮಾನದ ಅವಶೇಷಗಳನ್ನು ಮೇಲೆತ್ತಿ ೨೦೦೪ರಲ್ಲಿ ಅವು ಅವನದೇ ಎಂದು ಗುರುತಿಸಿದರು.

ಏರೋಪೋಸ್ತಾ ಅರ್ಜೆಂಟೀನಾ ಅವನಿಗಿಂತ ಕೆಲವು ವರ್ಷ ಹೆಚ್ಚು ಬಾಳಿತು. ಫ್ರೆಂಚರು ಕೈಬಿಟ್ಟಮೇಲೆ ಅರ್ಜೆಂಟೀನಾದ ಸರ್ಕಾರ ಪೆಟಗೋನಿಯದ ಅಂಚೆಯನ್ನು ನಡೆಸಿತು. ೧೯೩೦ರ ದಶಕದ ಕೊನೆಗೆ ಖಾಸಗಿಯವರು ವಹಿಸಿಕೊಂಡು ಮೂರು ಎಂಜಿನುಗಳ ಯುಂಕರ್ಸ್ ವಿಮಾನಗಳನ್ನು ತಂದರು. ೧೯೪೯ರಲ್ಲಿ ಸರ್ಕಾರ ಅದನ್ನು ಇನ್ನು ಮೂರು ಕಂಪನಿಗಳೊಡನೆ ಕೂಡಿಸಿ ಏರೋಲೀನಿಯಾಸ್ ಅರ್ಜೆಂಟೀನಾಸ್ ಎಂಬ ಒಂದೇ ಸಂಸ್ಥೆಯನ್ನು ಮಾಡಿತು. ಹಳೆಯ ಹೆಸರು ಅಲ್ಲಿಗೆ ಅಳಿಯಿತು.

ಪೆಟಗೋನಿಯದ ದಕ್ಷಿಣದಲ್ಲಿ ಫಿಟ್ಜ್ ರಾಯ್ ಎಂಬ ಪರ್ವತವಿದೆ. ಅದರ ಪಕ್ಕದಲ್ಲಿ ಸೂಜಿಯಂತೆ ಮೊನಚಾದ ಕಲ್ಲಿನ ಶಿಖರಗಳ ಒಂದು ಸಾಲು. ಅವುಗಳಲ್ಲಿ ಮೂರಕ್ಕೆ ಮೆರ್ಮೋಜ್, ಗಿಯೋಮೇ, ಸೇಂತ್ ಎಕ್ಸುಪರಿ ಎಂದು ಹೆಸರಿಟ್ಟಿದ್ದಾರೆ. ಮೂವರ ದೇಹಗಳೂ ಕಡಲಿಗೆ ಹೋದುವು. ಹೆಸರುಗಳು ಬೆಟ್ಟವಾಗಿ ನಿಂತುವು. ಇದು ಅವರಿಗೆ ಸಲ್ಲಬೇಕಾದ ಗೌರವವೇ. ಆದರೆ ಹೊತ್ತು ಎಣಿಸುತ್ತ ಕುಳಿತವರ ಹೆಸರಿನ ಶಿಖರ ಅಲ್ಲಿ ಒಂದೂ ಇಲ್ಲ. ಅವರಿಗೆ ಅವನು ಪುಸ್ತಕದಲ್ಲಿ ಕೊಟ್ಟ ಆ ಕೆಲವು ಪುಟಗಳನ್ನು ಈಗ ನಾನು ನಿಧಾನವಾಗಿ ಓದುತ್ತೇನೆ. ತರಗತಿಯಲ್ಲಿ ರಿವಿಯೇರನನ್ನು ಮೆಚ್ಚಿ ಮಾತಾಡುವ ಹುಡುಗರನ್ನು ಕಂಡರೆ ನಾನು ತಿದ್ದುವುದಿಲ್ಲ. ಅವರೂ ಒಂದು ದಿನ ಆ ಪುಟಕ್ಕೆ ಬರುತ್ತಾರೆ.